ಮಲೆನಾಡಿನ ಹಳೆಯ ತೊಟ್ಟಿಮನೆ ಮತ್ತು ಅಡಿಕೆ ತೋಟದ ಮಾರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪ, ಶಿರಸಿ, ಸಿದ್ದಾಪುರ ಸೀಮೆಯಲ್ಲಿ ತೋಟದ ಸಮೇತ ಮಾರಾಟಕ್ಕೆ ಬರುವ ಹಳೆಯ ಮನೆಗಳನ್ನು ಕುರಿತು ಕೊಳ್ಳುವವರೂ ಮಾರುವವರೂ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕಾನೂನಿನ ವಿಷಯದಲ್ಲಿ ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಕೈಯಲ್ಲಿರುವ ಕಾಗದಗಳನ್ನು ಅದೇ ತಾಲ್ಲೂಕಿನ ಕಂದಾಯ ಪದ್ಧತಿ ಬಲ್ಲ ವಕೀಲರಿಗೆ ತೋರಿಸಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.

## ಆರಂಭದ ಪ್ರಶ್ನೆಗಳು

"ಹಳೆಯ ತೊಟ್ಟಿಮನೆ, ನಾಲ್ಕು ಎಕರೆ ತೋಟ ಮಾರಾಟಕ್ಕಿದೆ" ಎನ್ನುತ್ತಾರೆ. ನಿಜವಾಗಿ ನಮಗೆ ಏನೇನು ಸಿಗುತ್ತದೆ?

ಮಲೆನಾಡಿನ ಹಿಡುವಳಿಯಲ್ಲಿ ಮನೆ, ತೋಟ, ನೀರು, ಬೆಟ್ಟ ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದಿವೆ. ಕಣಿವೆಯ ತಗ್ಗಿನಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಸ್ವಲ್ಪ ಎತ್ತರದಲ್ಲಿ ಮನೆ, ಕೊಟ್ಟಿಗೆ, ಅಡಿಕೆ ಒಣಗಿಸುವ ಅಂಗಳ, ಅದರ ಹಿಂದೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ಮನೆಗೆ ಸೌದೆ ತರುವ ಕಾಡು), ಮೇಲಿನಿಂದ ಇಳಿದು ಬರುವ ಅಬ್ಬಿಯ (ಝರಿಯ) ನೀರು, ಕೆಳಗೆ ಒಂದಿಷ್ಟು ಗದ್ದೆ. ಆದರೆ ಕಾಗದದ ಮೇಲೆ ಇವು ಬೇರೆ ಬೇರೆ. ತೋಟ ಬಾಗಾಯ್ತು ಎಂದೂ, ಗದ್ದೆ ತರಿ ಎಂದೂ ನಿಮ್ಮ ಹೆಸರಿಗೆ ಆಗಬಹುದು. ಮನೆ ಅದೇ ಸರ್ವೆ ನಂಬರಿನಲ್ಲಿರಬಹುದು, ಇಲ್ಲವೇ ಗ್ರಾಮಠಾಣದಲ್ಲಿರಬಹುದು. ಬೆಟ್ಟ ಯಾವತ್ತೂ ಸರಕಾರದ್ದೇ. ನೀರಿನ ಮೂಲ ಪಕ್ಕದವರ ಜಾಗದಲ್ಲಿರುವುದು ಸಾಮಾನ್ಯ. ಆದ್ದರಿಂದ ಮೊದಲ ಮಾತುಕತೆಯಲ್ಲೇ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಬೇಕು: ಯಾವುದು ಕ್ರಯಕ್ಕೆ ಬರುತ್ತದೆ, ಯಾವುದು ಬರೀ ಬಳಕೆಯ ಹಕ್ಕು, ಯಾವುದು ನೆರೆಹೊರೆಯವರ ಒಪ್ಪಿಗೆಯ ಮೇಲೆ ನಡೆದುಕೊಂಡು ಬಂದಿದೆ. "ನಾಲ್ಕು ಎಕರೆ" ಎಂದವರ ಪಹಣಿಯಲ್ಲಿ ಎರಡೂವರೆ ಎಕರೆ ಇದ್ದು, ಉಳಿದದ್ದು ಬೆಟ್ಟದ ಕಡೆಗೆ ವಿಸ್ತರಿಸಿಕೊಂಡ ಒತ್ತುವರಿಯಾಗಿರುವುದು ಅಪರೂಪವೇನಲ್ಲ.

ನಾವು ಬೆಂಗಳೂರಿನಲ್ಲಿ ಕೆಲಸ ಮಾಡುವವರು, ಹಿರಿಯರಿಗೂ ಜಮೀನಿರಲಿಲ್ಲ. ತೋಟ ಕೊಳ್ಳಲು ಬರುತ್ತದೆಯೇ?

ಬರುತ್ತದೆ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರಿಗೂ, ನಿಗದಿತ ಮಿತಿಗಿಂತ ಹೆಚ್ಚಿನ ಬೇರೆ ಆದಾಯವುಳ್ಳವರಿಗೂ ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಒಂದು ಕುಟುಂಬ ಎಷ್ಟು ಜಮೀನು ಹೊಂದಬಹುದೆಂಬ ಗರಿಷ್ಠ ಮಿತಿ ಈಗಲೂ ಇದೆ. ಆದರೆ ಮನೆಯೊಡನೆ ಬರುವ ನಾಲ್ಕಾರು ಎಕರೆ ತೋಟಕ್ಕೆ ಅದು ತಗಲುವುದಿಲ್ಲ.

ನಾನು ಅಮೆರಿಕದಲ್ಲಿ ನೆಲೆಸಿದ್ದೇನೆ. ಊರಿನಲ್ಲಿ ಒಂದು ಹಳೆ ಮನೆ, ತೋಟ ಕೊಂಡಿಡಬೇಕೆಂಬ ಆಸೆ. ಸಾಧ್ಯವೇ?

ಇಲ್ಲಿ ಅಡ್ಡಿ ಬರುವುದು ರಾಜ್ಯದ ಕಾನೂನಿನಿಂದಲ್ಲ, ವಿದೇಶಿ ವಿನಿಮಯ ನಿಯಮಗಳಿಂದ. ಅನಿವಾಸಿ ಭಾರತೀಯರೂ, ಸಾಗರೋತ್ತರ ಭಾರತೀಯ ನಾಗರಿಕರೂ ಭಾರತದಲ್ಲಿ ವಾಸದ ಮನೆಯನ್ನೋ ವಾಣಿಜ್ಯ ಕಟ್ಟಡವನ್ನೋ ಕೊಳ್ಳಬಹುದು. ಆದರೆ ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಈ ಮೂರನ್ನು ಕ್ರಯಕ್ಕೆ ಪಡೆಯುವಂತಿಲ್ಲ. ತಂದೆ ತಾಯಿಯಿಂದ ವಾರಸಿಕೆಯಾಗಿ ಬಂದದ್ದನ್ನು ಉಳಿಸಿಕೊಳ್ಳಬಹುದು. ಮಾರುವಾಗ ಮಾತ್ರ ಭಾರತದಲ್ಲೇ ವಾಸವಾಗಿರುವ ಭಾರತೀಯ ಪ್ರಜೆಗೆ ಮಾರಬೇಕು. ಊರಿನಲ್ಲಿರುವ ಭಾವನ ಹೆಸರಿನಲ್ಲಿ ಕೊಂಡು ಹಣ ನಾನು ಕಳಿಸುತ್ತೇನೆ ಎಂದು ಅನೇಕರು ಹೇಳುತ್ತಾರೆ. ಅದು ಬೇನಾಮಿ ವ್ಯವಹಾರವಾಗುತ್ತದೆ. ಸಂಬಂಧವೂ ಕೆಡುತ್ತದೆ, ಆಸ್ತಿಯೂ ಕೈತಪ್ಪುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಮನೆ ಇನ್ನೂರು ವರ್ಷ ಹಳೆಯದು ಎನ್ನುತ್ತಾರೆ. ವಯಸ್ಸನ್ನು ಹೇಗೆ ನಂಬುವುದು?

ಮನೆಯವರ ಮಾತು ಸುಳ್ಳೆಂದಲ್ಲ. ಆದರೆ ಮಲೆನಾಡಿನ ಮನೆ ಒಂದೇ ಕಾಲದಲ್ಲಿ ಕಟ್ಟಿ ಮುಗಿಸಿದ್ದಾಗಿರುವುದು ಕಡಿಮೆ. ದೇವರ ಕೋಣೆ ಮತ್ತು ನಡುಮನೆ ಮೊದಲಿನವು, ಜಗುಲಿ ಮತ್ತು ಮೆತ್ತು (ಮೇಲಂತಸ್ತು) ಅಜ್ಜನ ಕಾಲದವು, ಬಚ್ಚಲು ಅಪ್ಪ ಕಟ್ಟಿಸಿದ್ದು ಎಂಬಂತೆ ಪದರಗಳಿರುತ್ತವೆ. ಮಂಗಳೂರು ಹೆಂಚು ಕಾಲವನ್ನು ಅಳೆಯಲು ಒಂದು ಗುರುತು: ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೂ ಮುಂಚಿನ ಮನೆಯ ಚಾವಣಿಗೆ ಹುಲ್ಲೋ ಅಡಿಕೆ ಸೋಗೆಯೋ ಕುಂಬಾರರ ನಾಡಹೆಂಚೋ ಇದ್ದಿರಬೇಕು. ಮಂಗಳೂರು ಹೆಂಚು ಆಮೇಲೆ ಏರಿದ್ದು. ಹೆಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರೂ ಕೆಲವೊಮ್ಮೆ ಇಸವಿಯೂ ಅಚ್ಚಾಗಿರುತ್ತದೆ. ತೊಲೆ ಕಂಬಗಳ ಜೋಡಣೆಗೆ ಮರದ ಗೂಟ ಬಳಸಿದ್ದಾರೋ ಕಬ್ಬಿಣದ ಮೊಳೆಯೋ, ಮರದ ಮೇಲಿರುವುದು ಕೈಬಾಚಿಯ ಗುರುತೋ ಯಂತ್ರದ ಗರಗಸದ ಗೆರೆಯೋ ಎಂಬುದನ್ನೂ ನೋಡಬೇಕು. ಇವೆಲ್ಲಕ್ಕಿಂತ ಗಟ್ಟಿಯಾದ ಆಧಾರ ಹಳೆಯ ಪಾಲುಪಟ್ಟಿಗಳು. ಅವುಗಳಲ್ಲಿ ಮನೆಯ ಕೋಣೆಗಳನ್ನು ಹೆಸರು ಹೇಳಿ ಹಂಚಿರುತ್ತಾರೆ.

## ಮನೆಯನ್ನು ಕುರಿತು

ಮನೆ ನೋಡಲು ಯಾವಾಗ ಹೋಗಬೇಕು, ಹೋದಾಗ ಏನನ್ನು ಗಮನಿಸಬೇಕು?

ಜುಲೈ ತಿಂಗಳ ಜಡಿಮಳೆಯಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ. ಮಳೆಗಾಲ ಮನೆಯ ದೋಷಗಳನ್ನು ತೋರಿಸುತ್ತದೆ, ಬೇಸಿಗೆ ನೀರಿನ ದೋಷವನ್ನು ತೋರಿಸುತ್ತದೆ. ನವೆಂಬರಿನಿಂದ ಜನವರಿಯವರೆಗೆ ಮಲೆನಾಡಿನ ಪ್ರತಿಯೊಂದು ಮನೆಯೂ ಚೆಲುವಾಗಿಯೇ ಕಾಣುತ್ತದೆ. ಹೆಚ್ಚಿನ ವ್ಯವಹಾರಗಳು ಕುದುರುವುದೂ ಆಗಲೇ.

ಮಳೆಯಲ್ಲಿ ಹೋದಾಗ ಅಟ್ಟಕ್ಕೆ ಹತ್ತಿ. ಒಂದು ಹೆಂಚು ಒಡೆದು ಸೋರಿದರೆ ಅದು ಚಿಕ್ಕ ಕೆಲಸ; ಚಾವಣಿಯ ಎರಡು ಇಳಿಜಾರುಗಳು ಸೇರುವ ಕೊಳ್ಳೆಯಲ್ಲಿ ವರ್ಷಗಟ್ಟಲೆ ನೀರು ಇಳಿದು ಪಕಾಸು, ತೊಲೆಗಳ ತುದಿ ಮೆತ್ತಗಾಗಿದ್ದರೆ ಅದು ದೊಡ್ಡ ಕೆಲಸ. ತೊಟ್ಟಿಮನೆಯಲ್ಲಿ ನಾಲ್ಕು ಮೂಲೆಗೂ ಇಂಥ ಕೊಳ್ಳೆಗಳಿರುವುದರಿಂದ ಮೊದಲು ಹಾಳಾಗುವುದು ಆ ಮೂಲೆಗಳೇ. ಚಾಕುವಿನ ತುದಿಯಿಂದ ಕಂಬದ ಬುಡವನ್ನೂ, ಗೋಡೆಯೊಳಗೆ ಹೋಗುವ ತೊಲೆಯ ತುದಿಯನ್ನೂ ಚುಚ್ಚಿ ನೋಡಬೇಕು. ಒರಲೆ ಹಿಡಿದ ಮರ ಹೊರಗೆ ನಯವಾಗಿದ್ದು ಒಳಗೆ ಟೊಳ್ಳಾಗಿರುತ್ತದೆ. ಬೆರಳಿನಿಂದ ತಟ್ಟಿದರೆ ಶಬ್ದ ಬೇರೆ ಕೇಳುತ್ತದೆ. ತೊಟ್ಟಿಗೆ ಬಿದ್ದ ನೀರು ಎಲ್ಲಿ ಹೊರಗೆ ಹೋಗುತ್ತದೆಂದು ಕೇಳಿ, ಆ ತೂಬನ್ನು ಕಣ್ಣಾರೆ ನೋಡಿ. ಕಟ್ಟಿಕೊಂಡ ತೂಬು ಇಡೀ ಅಡಿಪಾಯವನ್ನು ನೆನೆಸುತ್ತದೆ.

ಮನೆಯ ಹಿಂದಿನ ಧರೆಯನ್ನು ಮರೆಯಬಾರದು. ಇತ್ತೀಚೆಗೆ ಅಂಗಳ ಹಿಗ್ಗಿಸಲು ಯಂತ್ರದಲ್ಲಿ ಧರೆ ಕಡಿದು ನೆಟ್ಟಗೆ ನಿಲ್ಲಿಸಿದ್ದರೆ, ಮೇಲಿನ ಮರಗಳು ವಾಲಿದ್ದರೆ, ಧರೆಯ ನೆತ್ತಿಯಲ್ಲಿ ಬಿರುಕಿದ್ದರೆ, ಮನೆ ಎಷ್ಟೇ ಗಟ್ಟಿಯಿದ್ದರೂ ಅದು ಅಪಾಯದ ಜಾಗ. ಹಿರಿಯರು ಇಳಿಜಾರಿನ ಸ್ವಭಾವ ನೋಡಿಯೇ ಮನೆ ಇಟ್ಟಿದ್ದರು. ನಂತರ ಮಾಡಿದ ಮಣ್ಣಿನ ಕೆಲಸವೇ ಬಹಳ ಕಡೆ ಕುಸಿತಕ್ಕೆ ಕಾರಣ.

ಮಣ್ಣಿನ ಗೋಡೆ ಅಲ್ಲಲ್ಲಿ ಉದುರುತ್ತಿದೆ. ಒಂದು ಸಲ ಸಿಮೆಂಟ್ ಗಾರೆ ಮಾಡಿಸಿಬಿಟ್ಟರೆ ಚಿಂತೆ ತಪ್ಪುವುದಿಲ್ಲವೇ?

ತಪ್ಪುವುದಿಲ್ಲ, ಹೆಚ್ಚುತ್ತದೆ. ಮಣ್ಣಿನ ಗೋಡೆಯೂ ಜಂಬಿಟ್ಟಿಗೆಯ ಗೋಡೆಯೂ ಮಳೆಗಾಲದಲ್ಲಿ ನೆಲದ ತೇವವನ್ನು ಹೀರಿ ಬೇಸಿಗೆಯಲ್ಲಿ ಬಿಟ್ಟುಕೊಡುತ್ತವೆ. ಸಿಮೆಂಟಿನ ಪದರ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಎರಡು ಮೂರು ಮಳೆಗಾಲದ ನಂತರ ಗಾರೆ ಹಲ್ಲೆಹಲ್ಲೆಯಾಗಿ ಬಿಡುತ್ತದೆ, ಬಿಡುವಾಗ ಹಳೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ; ಅದಕ್ಕೂ ಮೊದಲೇ ಗೋಡೆಯೊಳಗಿನ ತೊಲೆಗಳ ತುದಿ ಕೊಳೆತಿರುತ್ತದೆ. ಹಳೆಯ ಗೋಡೆಗೆ ಹೊಂದುವುದು ಸುಣ್ಣದ ಗಾರೆ, ಇಲ್ಲವೇ ಗೋಡೆ ಎದ್ದ ಅದೇ ಜಾತಿಯ ಮಣ್ಣಿನ ಲೇಪ ಮತ್ತು ಅದರ ಮೇಲೆ ಪ್ರತಿವರ್ಷ ಸುಣ್ಣ. ಮನೆಯ ಸುತ್ತ ಚಾವಣಿಯ ಸೂರು ಸಾಕಷ್ಟು ಹೊರಚಾಚಿದ್ದು, ನೆಲಗಟ್ಟಿನ ಬುಡದಲ್ಲಿ ನೀರು ನಿಲ್ಲದಂತಿದ್ದರೆ ಮಣ್ಣಿನ ಗೋಡೆಗೆ ಇನ್ನೇನೂ ಬೇಕಾಗುವುದಿಲ್ಲ. ಈ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ. ಮನೆ ಕೊಳ್ಳುವ ಮೊದಲೇ ಅಂಥವರೊಬ್ಬರನ್ನು ಹುಡುಕಿಕೊಂಡು ಅವರನ್ನೇ ಜೊತೆಗೆ ಕರೆದುಕೊಂಡು ಹೋಗುವುದು ಲೇಸು.

ಮನೆ ಬೇಡ, ಕಂಬ, ಬಾಗಿಲು, ಬೋದಿಗೆ ಮಾತ್ರ ಬಿಚ್ಚಿಕೊಂಡು ಹೋಗುತ್ತೇವೆ ಎನ್ನುವವರು ಒಳ್ಳೆಯ ಬೆಲೆ ಕೊಡುತ್ತಾರಂತೆ. ಕೊಡಬಹುದೇ?

ಇದು ಮಾಲೀಕರ ಆಯ್ಕೆ; ಖಾಸಗಿ ಮನೆಯೊಂದನ್ನು ಉಳಿಸಲೇಬೇಕೆಂದು ಬಲವಂತ ಮಾಡುವ ಕಾನೂನು ಸಾಮಾನ್ಯ ಹಳ್ಳಿಮನೆಗೆ ಅನ್ವಯಿಸುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮನೆ ನಿಲ್ಲುವ ಸ್ಥಿತಿಯಲ್ಲಿರುವಾಗ ಬಿಚ್ಚಿ ಮಾರುವುದನ್ನು ಒಪ್ಪಲಾರೆ. ಹಲಸು, ಬೀಟೆ, ಭೋಗಿ ಮರದ ಆ ಕಂಬಗಳಿಗೆ ಹೋಟೆಲಿನ ಮೊಗಸಾಲೆಯಲ್ಲಿ ಅಲಂಕಾರದ ಬೆಲೆ ಮಾತ್ರ ಇರುತ್ತದೆ. ಅವು ಯಾವ ಮಳೆಯನ್ನು ತಡೆಯಲು ಅಷ್ಟು ದಪ್ಪವಾಗಿದ್ದವು, ಯಾವ ಬೆಳಕಿಗಾಗಿ ಅಷ್ಟು ದೂರ ನಿಂತಿದ್ದವು ಎಂಬುದು ಮನೆಯೊಡನೆ ಹೋಗಿಬಿಡುತ್ತದೆ. ಮನೆ ಇದ್ದಲ್ಲಿ ಉಳಿಯಲು ಸಾಧ್ಯವೇ ಇಲ್ಲವೆಂದಾದರೆ ಇಡಿಯಾಗಿ ಅಳತೆ ಬರೆದು, ಗುರುತು ಹಾಕಿ, ಬಿಚ್ಚಿ, ಬೇರೆಡೆ ಮತ್ತೆ ನಿಲ್ಲಿಸುವ ಮಾರ್ಗವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮ ಅದಕ್ಕೆ ಕಣ್ಣೆದುರಿನ ನಿದರ್ಶನ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕೆತ್ತನೆ, ಕಟ್ಟಡದಿಂದ ಬಿಡಿಸಿದ ವಸ್ತುಗಳೂ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವಿರುವ ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಗಳೂ ಪುರಾವಸ್ತುವೆನಿಸಬಹುದು. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಅಟ್ಟದ ಮೇಲಿನ ತಾಳೆಗರಿಯ ಕಟ್ಟುಗಳನ್ನು ಗುಜರಿಯವರಿಗೆ ಕೊಡುವ ಮೊದಲು ಓದಬಲ್ಲವರಿಗೆ ಒಮ್ಮೆ ತೋರಿಸಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂದು ಉಳಿದಿರುವಂಥ ಓಲೆಗಳು ಒಂದು ಕಾಲಕ್ಕೆ ಹೀಗೆಯೇ ಮನೆಮನೆಯ ಅಟ್ಟದಲ್ಲಿದ್ದವು.

## ತೋಟ, ನೀರು, ಬೆಟ್ಟ

ತೋಟದ ಬೆಲೆಯನ್ನು ಹೇಗೆ ಅಂದಾಜು ಮಾಡುವುದು? ಮರ ಎಣಿಸಿದರೆ ಸಾಕೇ?

ಸಾಲದು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಸುಮಾರು 540 ಅಡಿಕೆ ಮರ ಹಿಡಿಯುತ್ತವೆ. ಹಳೆಯ ತೋಟಗಳಲ್ಲಿ ಇದಕ್ಕಿಂತ ಒತ್ತಾಗಿಯೂ ಇರುತ್ತವೆ. ನೋಡಬೇಕಾದದ್ದು ಮರಗಳ ವಯಸ್ಸಿನ ಹಂಚಿಕೆ. ಅಡಿಕೆ ಸಸಿ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಇಡೀ ತೋಟದಲ್ಲಿ ಮುದಿ ಮರಗಳೇ ಇದ್ದು ನಡುವೆ ಎಡೆಸಸಿ ಹಾಕಿಲ್ಲವಾದರೆ ಹಿಂದಿನವರು ಹತ್ತು ಹದಿನೈದು ವರ್ಷಗಳ ಹಿಂದೆಯೇ ತೋಟದ ಮೇಲಿನ ಆಸೆ ಬಿಟ್ಟಿದ್ದಾರೆಂದು ತಿಳಿಯಬೇಕು.

ಎರಡನೆಯದು ರೋಗ. ಕೊಳೆರೋಗ ಮಳೆಗಾಲದ ಹಳೆಯ ಶತ್ರು. ಮಳೆ ಹಿಡಿಯುವ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿದ್ದನ್ನು ಹೊಡೆದು, ಮಳೆಗಾಲದ ನಡುವೆ ಮತ್ತೊಮ್ಮೆ ಹೊಡೆದರೆ ಹಿಡಿತಕ್ಕೆ ಬರುತ್ತದೆ. ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಮಲೆನಾಡಿನ ಬಹು ತೋಟಗಳನ್ನು ಕಾಡುತ್ತಿದೆ. ಶೃಂಗೇರಿ, ಕೊಪ್ಪ ಕಡೆಯ ತೋಟವಾದರೆ ಹಳದಿ ಎಲೆ ರೋಗವನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಅದನ್ನು ಗುಣಪಡಿಸುವ ಔಷಧಿಯಿಲ್ಲ. ಆ ರೋಗ ಹರಡಿದ ತೋಟವನ್ನು ಅಡಿಕೆಯ ಲೆಕ್ಕದಲ್ಲಿ ಕೊಳ್ಳಬಾರದು. ಕಾಳುಮೆಣಸು, ಕಾಫಿ, ಜಾಯಿಕಾಯಿಯಂಥ ಬೇರೆ ಬೆಳೆಯ ನೆಲವೆಂದು ಬೆಲೆ ಕಟ್ಟಬೇಕು.

ಮೂರನೆಯದು ಇಳುವರಿಯ ಪುರಾವೆ. ಸಹಕಾರ ಸಂಘಗಳಾದ ಶಿರಸಿಯ ಟಿ.ಎಸ್.ಎಸ್. 1923ರಿಂದ, ಶಿವಮೊಗ್ಗದ ಮ್ಯಾಮ್ಕೋಸ್ 1939ರಿಂದ, ಮಂಗಳೂರಿನ ಕ್ಯಾಂಪ್ಕೊ 1973ರಿಂದ ಬೆಳೆಗಾರರ ಅಡಿಕೆ ವ್ಯವಹಾರ ನಡೆಸುತ್ತಿವೆ. ಮಾರುವವರು ಇಂಥ ಸಂಘದ ಸದಸ್ಯರಾಗಿದ್ದರೆ ಕಳೆದ ಐದು ವರ್ಷಗಳ ವಿಕ್ರಿ ಪಟ್ಟಿಯನ್ನು ಕೇಳಿ ಪಡೆಯಿರಿ. ಬಾಯಿಮಾತಿನ ಕ್ವಿಂಟಾಲಿಗೂ ಪಟ್ಟಿಯ ಕ್ವಿಂಟಾಲಿಗೂ ಇರುವ ಅಂತರವೇ ನಿಮಗೆ ಬೆಲೆಯನ್ನು ಹೇಳುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಆ ಊರಿನಲ್ಲಿ ಸಿಗುತ್ತಾರೆಯೇ ಎಂದು ವಿಚಾರಿಸಬೇಕು.

ಅಬ್ಬಿಯಿಂದ ವರ್ಷವಿಡೀ ನೀರು ಬರುತ್ತದೆ, ಪಂಪೇ ಬೇಡ ಎನ್ನುತ್ತಾರೆ. ಆ ನೀರು ನಮ್ಮದಾಗುತ್ತದೆಯೇ?

ಝರಿ ಹುಟ್ಟುವ ಜಾಗ ಯಾರದ್ದು ಎಂಬುದರ ಮೇಲೆ ಉತ್ತರ ನಿಂತಿದೆ. ಪಕ್ಕದವರ ಜಮೀನಿನಿಂದ ಪೈಪಿನಲ್ಲೋ ಕಾಲುವೆಯಲ್ಲೋ ನೀರು ತರುತ್ತಿದ್ದರೆ, ಆ ಬಳಕೆ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕಿನಿಂದ 20 ವರ್ಷ ಸತತವಾಗಿ ನಡೆದಿದ್ದಲ್ಲಿ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಅದು ಜಮೀನಿಗೆ ಅಂಟಿದ ಹಕ್ಕಾಗಬಹುದು. ಸರಕಾರಿ ಜಾಗವಾದರೆ ಆ ಅವಧಿ 30 ವರ್ಷ. ಆದರೆ ನೆರೆಯವರ ಅನುಮತಿಯಿಂದ, ಸ್ನೇಹದಿಂದ ತಂದ ನೀರಿಗೆ ಈ ಹಕ್ಕು ಹುಟ್ಟುವುದಿಲ್ಲ. ಹಳ್ಳಿಯಲ್ಲಿ ಹೆಚ್ಚಿನ ನೀರು ಹಾಗೆಯೇ ಬಂದಿರುತ್ತದೆ. ಅಣ್ಣ ತಮ್ಮಂದಿರ ಪಾಲಿನ ತೋಟಗಳಲ್ಲಂತೂ ವಾರದ ಸರದಿಯೇ ಇರುತ್ತದೆ. ಆದ್ದರಿಂದ ಕ್ರಯಪತ್ರದಲ್ಲಿ ನೀರಿನ ಮೂಲ, ದಾರಿ, ಸರದಿ ಇವನ್ನು ಬರೆಸುವುದರ ಜೊತೆಗೆ, ಮೂಲದ ಜಾಗದ ಒಡೆಯರಿಂದ ಬೇರೆ ಒಪ್ಪಂದವನ್ನೇ ನೋಂದಾಯಿಸಿಕೊಳ್ಳಬೇಕು. ಏಪ್ರಿಲ್ ಕೊನೆಯಲ್ಲಿ ಹೋಗಿ ಹರಿವನ್ನು ಒಂದು ಬಕೆಟ್ ಮತ್ತು ಗಡಿಯಾರದಿಂದ ಅಳೆದರೆ ಸಾಕು, ಬೇಸಿಗೆಯ ಸತ್ಯ ತಿಳಿಯುತ್ತದೆ.

ತೋಟದ ಜೊತೆ ಹನ್ನೆರಡು ಎಕರೆ ಬೆಟ್ಟವೂ ಬರುತ್ತದೆಂದು ದಲ್ಲಾಳಿ ಹೇಳಿದರು. ಅಲ್ಲಿ ರಬ್ಬರ್ ಹಾಕಬಹುದೇ, ಒಂದು ಮನೆ ಕಟ್ಟಬಹುದೇ?

ಎರಡೂ ಆಗುವುದಿಲ್ಲ. ಈ ಸೀಮೆಯಲ್ಲಿ ಅತಿ ಹೆಚ್ಚು ಜನ ಏಮಾರುವುದು ಈ ವಿಷಯದಲ್ಲೇ ಆದ್ದರಿಂದ ವಿವರವಾಗಿ ಹೇಳುತ್ತೇನೆ. ಬೆಟ್ಟ ಸರಕಾರದ ನೆಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ), ಮನೆಗೆ ಸೌದೆ ಬೇಕೆಂಬ ಕಾರಣಕ್ಕೆ ತೋಟದವರಿಗೆ ಅದರ ಮೇಲೆ ಸವಲತ್ತನ್ನು ಕೊಟ್ಟಿದ್ದಾರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆ ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ ಇವುಗಳಲ್ಲಿ ಹಿಂದಿನಿಂದ ಬಂದ ಇಂಥ ಸವಲತ್ತುಗಳನ್ನು ಮುಂದುವರಿಸಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಮುಂಬಯಿ ಆಡಳಿತದ ಕಾಲದಿಂದಲೂ ಇದೆ. ತೋಟ ಯಾರಿಗೆ ಹೋಗುತ್ತದೋ ಸವಲತ್ತು ಅವರಿಗೆ ಹೋಗುತ್ತದೆ. ಬೆಟ್ಟವನ್ನು ಬೇರೆಯಾಗಿ ಮಾರುವುದಕ್ಕೂ ಒತ್ತೆ ಇಡುವುದಕ್ಕೂ ಬರುವುದಿಲ್ಲ.

ಸೊಪ್ಪು ಕಡಿಯುವ ಹಕ್ಕಿನಿಂದ ನೆಲ ಅಗೆಯುವ ಹಕ್ಕು ಬರುವುದಿಲ್ಲ. ಬೆಟ್ಟವನ್ನು ಸಮತಟ್ಟು ಮಾಡಿ ತೋಟ ಹಾಕಿದ್ದರೆ ಅದು ಒತ್ತುವರಿ, ಅರಣ್ಯವೆಂದು ದಾಖಲಾದ ನೆಲವಾದರೆ ಅರಣ್ಯ ಮೊಕದ್ದಮೆಗೂ ಗುರಿ. ಕಾನೂನನ್ನು ಬದಿಗಿಟ್ಟು ಹೇಳುವುದಾದರೂ, ಅಬ್ಬಿಯ ನೀರು ಬೇಸಿಗೆಯಲ್ಲಿ ಉಳಿಯುವುದು ಮೇಲಿನ ಬೆಟ್ಟ ಹಸಿರಾಗಿರುವವರೆಗೆ ಮಾತ್ರ. ಬೆಟ್ಟ ಬೋಳಾದ ಊರುಗಳಲ್ಲಿ ಇಂದು ತೋಟದವರು ಕೊಳವೆಬಾವಿ ಕೊರೆಸುತ್ತಿದ್ದಾರೆ. ಹಾಗಾಗಿ ದಟ್ಟವಾದ ಬೆಟ್ಟವಿರುವ ಹಿಡುವಳಿಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ, ಅದು ನಿಮ್ಮ ಹೆಸರಿಗೆ ಆಗುವುದಿಲ್ಲವೆಂದು ತಿಳಿದುಕೊಂಡೇ ಕೊಟ್ಟರೆ.

ತೋಟದ ಮೂಲೆಯಲ್ಲಿ ಚೌಡಿ ಬನ ಇದೆ, ಊರವರು ವರ್ಷಕ್ಕೊಮ್ಮೆ ಪೂಜೆಗೆ ಬರುತ್ತಾರೆ. ಕೊಂಡ ಮೇಲೆ ಇದು ತೊಂದರೆಯೇ?

ತೊಂದರೆಯೆಂದು ಭಾವಿಸುವವರು ಆ ಹಿಡುವಳಿಯನ್ನು ಕೊಳ್ಳದಿರುವುದೇ ಉತ್ತಮ. ಚೌಡಿ, ಭೂತಪ್ಪ, ನಾಗರ ಬನಗಳಿಗೆ ಮನೆಯವರದಷ್ಟೇ ಅಲ್ಲದೆ ಕೇರಿಯವರದೂ ನಡವಳಿಕೆ ಇರುತ್ತದೆ. ದಾರಿ ಯಾವುದು, ಯಾವ ದಿನ, ಹರಕೆಯ ವ್ಯವಸ್ಥೆ ಯಾರದು ಎಂಬುದನ್ನು ಮಾರುವವರ ಸಮ್ಮುಖದಲ್ಲೇ ಊರ ಹಿರಿಯರಿಂದ ಕೇಳಿಕೊಳ್ಳಿ. ಬನಕ್ಕೆ ಬೇಲಿ ಹಾಕಿ ದಾರಿ ಮುಚ್ಚಿದವರಿಗೆ ಊರಿನಲ್ಲಿ ಕೆಲಸದವರು ಸಿಗುವುದು ಕಷ್ಟವಾಗುತ್ತದೆ. ಬನದ ಮರಗಳನ್ನು ಹಾಗೆಯೇ ಬಿಟ್ಟವರನ್ನು ಊರು ಬಹಳ ಬೇಗ ತನ್ನವರೆಂದು ಒಪ್ಪಿಕೊಳ್ಳುತ್ತದೆ.

ಮನೆಗೆ ಜೀಪು ಹೋಗುತ್ತದೆ. ಅಷ್ಟು ಸಾಕಲ್ಲವೇ?

ಗ್ರಾಮನಕ್ಷೆಯಲ್ಲಿ ಬಂಡಿದಾರಿ ಎಂದು ಗುರುತಿದ್ದರೆ ಸಾಕು. ಇಲ್ಲವಾದರೆ ಜೀಪು ಹೋಗುತ್ತಿರುವುದು ಯಾರ ಜಮೀನಿನ ಮೇಲೆ ಎಂದು ಪತ್ತೆ ಮಾಡಿ, ದಾರಿಯ ಹಕ್ಕನ್ನು ಆ ಒಡೆಯರಿಂದ ನೋಂದಾಯಿತ ಪತ್ರದ ಮೂಲಕ ಪಡೆಯಬೇಕು. ದಿಶಾಂಕ್ ಆ್ಯಪ್ ಹಿಡಿದು ನಡೆದರೆ ಯಾವ ಸರ್ವೆ ನಂಬರಿನಲ್ಲಿದ್ದೀರೆಂಬ ಅಂದಾಜು ಸಿಗುತ್ತದೆ. ಗಡಿಯ ಅಂತಿಮ ನಿರ್ಣಯಕ್ಕೆ ಮಾತ್ರ ಸರ್ವೆಯವರೇ ಬರಬೇಕು.

## ದಾಖಲೆಗಳು

ಯಾವ ಯಾವ ಕಾಗದ ಕೇಳಬೇಕು? ಎಲ್ಲಿಂದ ಆರಂಭಿಸಬೇಕು?

ಪಹಣಿಯಿಂದ ಆರಂಭಿಸಿ ಹಿಂದಕ್ಕೆ ಹೋಗಬೇಕು. ಪಹಣಿಯ 9ನೇ ಕಲಮಿನಲ್ಲಿ ಒಡೆಯರ ಹೆಸರು, 10ರಲ್ಲಿ ಅದು ಯಾವ ಮ್ಯುಟೇಶನ್ನಿನಿಂದ ಬಂತೆಂಬುದು, 11ರಲ್ಲಿ ಇತರರ ಹಕ್ಕು ಮತ್ತು ಸಾಲ ಇರುತ್ತದೆ. ಸಹಕಾರ ಸಂಘದ ಬೆಳೆಸಾಲ ತೀರಿಸಿದ ಮೇಲೂ 11ನೇ ಕಲಮಿನಲ್ಲಿ ನಮೂದು ಉಳಿದಿರುವುದುಂಟು. ಅದನ್ನು ಕ್ರಯಕ್ಕೆ ಮುನ್ನವೇ ತೆಗೆಸಬೇಕು. ಪಹಣಿಯ ವಿಸ್ತೀರ್ಣವನ್ನು ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರ್‌ಬಂದಿನೊಡನೆ ತಾಳೆ ನೋಡಿ. ಎರಡರಲ್ಲೂ ವ್ಯತ್ಯಾಸವಿದ್ದರೆ ಸರ್ವೆ ಕಚೇರಿಯಲ್ಲಿ ಸರಿಪಡಿಸುವವರೆಗೆ ಕಾಯಿರಿ. ಖರಾಬು (ಸಾಗುವಳಿಗೆ ಸೇರದ ನೆಲ) ಎಷ್ಟಿದೆಯೆಂದು ಗಮನಿಸಿ: ಬಿ ಖರಾಬು ಸಾರ್ವಜನಿಕ ಬಳಕೆಗೆ ಬಿಟ್ಟ ನೆಲವಾದ್ದರಿಂದ ಅದಕ್ಕೆ ಹಣ ಕೊಡುವ ಮಾತಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಇದರ ಜೊತೆಗೆ ಋಣಭಾರ ಪತ್ರ, ಹಳೆಯ ಪಾಲುಪಟ್ಟಿ, ಕ್ರಯಪತ್ರಗಳು, ವಂಶವೃಕ್ಷ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾದಾಗ ಕೆಲವು ನಮೂದುಗಳು ಕೈಬರಹದಿಂದ ತಪ್ಪಾಗಿ ಏರಿವೆ. ಅದಕ್ಕಾಗಿ ಹಳೆಯ ಕೈಬರಹದ ಪಹಣಿಯ ನಕಲನ್ನೂ ತಾಲ್ಲೂಕು ಕಚೇರಿಯಿಂದ ತೆಗೆಸಿ ನೋಡಿ.

ಪಹಣಿಯಲ್ಲಿ ಅಣ್ಣನೊಬ್ಬನ ಹೆಸರೇ ಇದೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕೇ?

ಪಿತ್ರಾರ್ಜಿತ ಆಸ್ತಿಯಾದರೆ ಬೇಕು. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಒಬ್ಬರ ಹೆಸರಿದ್ದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲಾಗಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರ ಆಗಿದ್ದರೆ ಅದು ನೋಂದಣಿಯಾಗಿರಬೇಕು. ಬಿಳಿ ಹಾಳೆಯ ಒಪ್ಪಿಗೆ ಸಾಲದು. ಎಲ್ಲರನ್ನೂ ಕ್ರಯಪತ್ರಕ್ಕೆ ಮಾರಾಟಗಾರರನ್ನಾಗಿಯೇ ಸೇರಿಸುವುದು ಅತ್ಯಂತ ಸುರಕ್ಷಿತ, ನ್ಯಾಯವೂ ಹೌದು: ಆ ಮನೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳಿಗೆ ಮಾರಾಟದ ಸುದ್ದಿ ಬೇರೆಯವರ ಬಾಯಿಂದ ತಿಳಿಯಬಾರದು. ಒಬ್ಬರೇ ತಮ್ಮ ಪಾಲನ್ನು ಹೊರಗಿನವರಿಗೆ ಮಾರಹೊರಟರೆ, ಅದೇ ಕಾಯ್ದೆಯ 22ನೇ ಕಲಮಿನಡಿ ಜೊತೆಯ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕಿರುತ್ತದೆ ಎಂಬುದನ್ನೂ ನೆನಪಿಡಿ.

ಈ ತೋಟ ಗೇಣಿಯಿಂದ ಬಂದದ್ದು, ಪಕ್ಕದ ಗದ್ದೆ ಮಂಜೂರಾದದ್ದು ಎನ್ನುತ್ತಾರೆ. ಅದರಿಂದ ವ್ಯತ್ಯಾಸವೇನು?

ದೊಡ್ಡ ವ್ಯತ್ಯಾಸವಿದೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರಕ್ಕೆ ಸೇರಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಪಡೆದರು. ಹಾಗೆ ಪಡೆದ ಜಮೀನನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಮಂಡಳಿಯ ಆದೇಶ, ಅಧಿಭೋಗದ ಪ್ರಮಾಣಪತ್ರ ಎರಡನ್ನೂ ನೋಡಿ ಅವಧಿ ಎಣಿಸಬೇಕು. ಕೆಲವು ಪ್ರಕರಣಗಳು ಹೈಕೋರ್ಟಿಗೆ ಹೋಗಿ ಮರುವಿಚಾರಣೆಯಾಗಿ ಬಹಳ ತಡವಾಗಿ ಮುಗಿದಿವೆ. ಸರಕಾರದಿಂದ ಮಂಜೂರಾದ ಅಥವಾ ಬಗರ್‌ಹುಕುಂ ಸಕ್ರಮವಾದ ಜಮೀನಿಗೆ ಮಂಜೂರಾತಿ ಆದೇಶದಲ್ಲೇ ಪರಭಾರೆ ನಿಷೇಧದ ಅವಧಿ ಬರೆದಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಕ್ರಯ ಅಸಿಂಧು. 2023ರ ತಿದ್ದುಪಡಿಯ ನಂತರ ಮೂಲ ಮಂಜೂರಾತಿದಾರರ ಕುಟುಂಬ ಜಮೀನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಇದು ನೆಲವಿಲ್ಲದವರ ರಕ್ಷಣೆಗಾಗಿ ಬಂದ ಕಾನೂನು. ಅದನ್ನು ತಪ್ಪಿಸುವ ಉಪಾಯ ಹೇಳುವವರ ಸಹವಾಸ ಬೇಡ.

ಮನೆಗೆ ಪ್ರತ್ಯೇಕ ದಾಖಲೆಯೇ ಇಲ್ಲವಂತೆ. ಇದು ಹೇಗೆ?

ತೋಟದ ಸರ್ವೆ ನಂಬರಿನೊಳಗೇ ಇರುವ ಮನೆಗೆ ಹಾಗಿರುವುದು ಸಹಜ. ಕೃಷಿಕರು ತಮ್ಮ ಹಿಡುವಳಿಯಲ್ಲಿ ವಾಸಕ್ಕೂ ಕೃಷಿಗೂ ಬೇಕಾದ ಕಟ್ಟಡವನ್ನು ಮಿತಿಯೊಳಗೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯೇ ಅವಕಾಶ ಕೊಡುತ್ತದೆ. ಅಂಥ ಮನೆ ಜಮೀನಿನೊಡನೆ ಹೋಗುತ್ತದೆ, ಕ್ರಯಪತ್ರದಲ್ಲಿ ಮಾತ್ರ ಮನೆಯ ವಿವರ ಬರೆಸಬೇಕು. ಗ್ರಾಮಠಾಣದಲ್ಲಿರುವ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕೇ ಬೇಕು; ಅದು ಇಲ್ಲದಿದ್ದರೆ ಮಾಡಿಸಿಕೊಡುವ ಹೊಣೆ ಮಾರುವವರದು.

ಕ್ರಯದ ಹಣ ಬಿಟ್ಟು ನೋಂದಣಿಗೆ ಎಷ್ಟು ಖರ್ಚು?

ಗ್ರಾಮಾಂತರದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5. ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.65 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2. ಮಾರ್ಗಸೂಚಿ ಬೆಲೆ ಮತ್ತು ಕ್ರಯದ ಮೊತ್ತ ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ.

## ಇನ್ನೂ ಮುಂದಿನ ಪ್ರಶ್ನೆಗಳು

ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ಆ ಊರಿದೆ. ಕೊಳ್ಳುವುದು ಅಪಾಯವೇ?

ಆ ವರದಿಯನ್ನು ಆಧರಿಸಿದ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಆರನೆಯ ಬಾರಿ ಹೊರಬಂದದ್ದು 2024ರ ಜುಲೈ 31ರಂದು. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿದೆ. ರಾಜ್ಯ ಸಚಿವ ಸಂಪುಟ ಅದೇ ವರ್ಷದ ಸೆಪ್ಟೆಂಬರಿನಲ್ಲಿ ವರದಿಯನ್ನು ಒಪ್ಪುವುದಿಲ್ಲವೆಂದು ನಿರ್ಧರಿಸಿತು. ಕರಡನ್ನು ಓದಿದರೆ, ಅದು ತಡೆಯುವುದು ಗಣಿಗಾರಿಕೆ, ಕಲ್ಲುಕೋರೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳನ್ನು. ತೋಟ ಮಾಡುವುದಕ್ಕೂ, ಇರುವ ಮನೆಯಲ್ಲಿ ವಾಸಿಸುವುದಕ್ಕೂ, ಆಸ್ತಿ ಕೈಬದಲಾಗುವುದಕ್ಕೂ ಅದರಲ್ಲಿ ನಿಷೇಧವಿಲ್ಲ. ಹಳೆಯ ಮನೆಯಲ್ಲಿ ತೋಟ ನೋಡಿಕೊಂಡು ಇರಬಯಸುವವರಿಗೆ ಈ ಪಟ್ಟಿಯ ಭಯ ಬೇಡ. ಹೆಚ್ಚು ಎಚ್ಚರ ಬೇಕಾದದ್ದು ಬೇರೊಂದಕ್ಕೆ: ಪಕ್ಕದ ನೆಲ 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಮಿನ ಅಧಿಸೂಚನೆಯಲ್ಲಿದ್ದು ಗಡಿ ಇನ್ನೂ ಇತ್ಯರ್ಥವಾಗಿಲ್ಲದಿದ್ದರೆ, ಅರಣ್ಯ ಮತ್ತು ಕಂದಾಯ ಎರಡೂ ಇಲಾಖೆಗಳ ಜಂಟಿ ಸರ್ವೆ ಆಗದೆ ಮುಂದುವರಿಯಬೇಡಿ.

ಹೋಮ್‌ಸ್ಟೇ ಮಾಡಿ ಸಾಲ ತೀರಿಸುವ ಯೋಚನೆ. ಹೇಗೆ?

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಮನೆಯವರು ಅಲ್ಲಿ ವಾಸವಿರಬೇಕೆಂಬುದು ಹೋಮ್‌ಸ್ಟೇಯ ಮೂಲ ಕಲ್ಪನೆ. ತೊಟ್ಟಿಮನೆಯಲ್ಲಿ ಕೋಣೆಗೊಂದು ಬಚ್ಚಲು ಮಾಡಲು ಹೋಗಿ ಮರದ ನೆಲದ ಮೇಲೆ ನೀರಿನ ಕೆಲಸ ತಂದರೆ ಹತ್ತು ವರ್ಷದಲ್ಲಿ ಮನೆ ಬೀಳುತ್ತದೆ. ಬಚ್ಚಲುಗಳನ್ನು ಹಳೆಯ ಕೊಟ್ಟಿಗೆಯ ಜಾಗದಲ್ಲಿ ಬೇರೆಯಾಗಿ ಕಟ್ಟಿ. ಬಾಡಿಗೆಯ ಆದಾಯವನ್ನು ನಂಬಿ ದೊಡ್ಡ ಸಾಲ ಮಾಡುವುದಕ್ಕೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ನಾವು ಮಾರುವವರು. ಮಕ್ಕಳು ಯಾರೂ ಊರಿಗೆ ಬರುವುದಿಲ್ಲ. ಕೊಂಡವರು ಮನೆ ಕೆಡವಬಾರದೆಂದು ಕ್ರಯಪತ್ರದಲ್ಲಿ ಷರತ್ತು ಹಾಕಬಹುದೇ?

ಈ ಪ್ರಶ್ನೆ ಕೇಳುವ ಹಿರಿಯರ ಸಂಕಟ ಅರ್ಥವಾಗುತ್ತದೆ. ಕಾನೂನು ಮಾತ್ರ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 10 ಮತ್ತು 11ನೇ ಕಲಮುಗಳ ಪ್ರಕಾರ, ಪೂರ್ಣವಾಗಿ ಮಾರಿದ ಮೇಲೆ ಕೊಂಡವರು ಅದನ್ನು ಹೇಗೆ ಅನುಭವಿಸಬೇಕು, ಯಾರಿಗೆ ಮಾರಬೇಕು ಎಂದು ಹಾಕುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. 11ನೇ ಕಲಮಿನಲ್ಲಿಯೇ ಒಂದು ವಿನಾಯಿತಿ ಇದೆ. ಮಾರುವವರು ಪಕ್ಕದಲ್ಲಿ ಇನ್ನೊಂದು ಸ್ಥಿರಾಸ್ತಿಯನ್ನು ಉಳಿಸಿಕೊಂಡು, ಅದರ ಹಿತಕರವಾದ ಅನುಭೋಗಕ್ಕಾಗಿ ಮಾರಿದ ಭಾಗದ ಮೇಲೆ ನಿರ್ಬಂಧ ಹಾಕಿದರೆ ಅದಕ್ಕೆ ಬೆಲೆಯಿದೆ. ಉದಾಹರಣೆಗೆ, ಕೆಲವು ಗುಂಟೆ ಹಿತ್ತಿಲನ್ನು ನಿಮ್ಮ ಹೆಸರಿನಲ್ಲಿಟ್ಟುಕೊಂಡು, ಅದಕ್ಕೆ ಬರುವ ದಾರಿ, ಬಾವಿಯ ನೀರು, ಬನದ ಹಾದಿ ಇವನ್ನು ಉಳಿಸುವ ಷರತ್ತು ಬರೆಸಬಹುದು. ಮನೆಯನ್ನೇ ಕೆಡವಬಾರದೆಂಬ ಮಾತನ್ನು ಈ ವಿನಾಯಿತಿಯಡಿ ತರಲು ಸಾಧ್ಯವೇ ಎಂಬುದನ್ನು ವಕೀಲರೇ ನಿಮ್ಮ ನಕ್ಷೆ ನೋಡಿ ಹೇಳಬೇಕು. ತೋಟವನ್ನು ಮಾರದೆ ದೀರ್ಘಕಾಲದ ಗುತ್ತಿಗೆಗೆ ಕೊಡುವ ಯೋಚನೆ ಕೆಲವರಿಗೆ ಬರುತ್ತದೆ. ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸುವುದರಿಂದ ಆ ದಾರಿ ಇಲ್ಲ.

ಹಾಗಾಗಿ ಷರತ್ತಿಗಿಂತ ಕೊಳ್ಳುವವರ ಆಯ್ಕೆಯಲ್ಲೇ ನಿಮ್ಮ ಶಕ್ತಿ ಇದೆ. ಮೊದಲು ಬಂದವರಿಗೆ ಮುಂಗಡ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ನಾಲ್ಕು ದಿನ ಮನೆಯಲ್ಲಿ ಇದ್ದು ಹೋಗಿ ಎಂದು ಕರೆಯಿರಿ. ಮೆತ್ತಿನ ಮೇಲೆ ಬಕೆಟ್ ಇಡುವುದು ಎಲ್ಲೆಲ್ಲಿ, ಸೂರಿನ ಯಾವ ಸಾಲಿನ ಹೆಂಚನ್ನು ಪ್ರತಿ ಮೇ ತಿಂಗಳಿನಲ್ಲಿ ಕೈಯಾಡಬೇಕು, ಅಬ್ಬಿಯ ಬಾಯಿಗೆ ದರಕು ಕಟ್ಟಿದರೆ ಯಾವ ಕಡೆಯಿಂದ ಹತ್ತಬೇಕು ಎಂಬುದನ್ನು ಬರೆದಿಟ್ಟು ಕೊಡಿ. ಮಾರಾಟಕ್ಕೆ ಮುನ್ನ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಂದಾದರೂ ಇಡೀ ಮನೆಯ ಅಳತೆ ನಕ್ಷೆ ಬರೆಸಿ, ಫೋಟೋ ತೆಗೆಸಿ, ಒಂದು ಪ್ರತಿಯನ್ನು ಕೊಂಡವರಿಗೂ ಕೊಡಿ. ದುರಸ್ತಿಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮನೆಯೊಳಗಿನ ಯಾವ ಯಾವ ಸಾಮಾನು ಮನೆಯೊಡನೆ ಹೋಗುತ್ತದೆ, ಯಾವುದು ನಿಮ್ಮೊಡನೆ ಬರುತ್ತದೆ ಎಂಬ ಪಟ್ಟಿಯನ್ನು ಕ್ರಯದ ಕರಾರಿಗೇ ಲಗತ್ತಿಸಿ. ದೇವರ ಪೆಟ್ಟಿಗೆ, ಕಡಗೋಲಿನ ಕಂಬ, ಪತ್ತಾಯ, ಕಣದ ರೋಣಗಲ್ಲು ಇಂಥವುಗಳ ವಿಷಯದಲ್ಲಿ ಕ್ರಯವಾದ ಮೇಲೆ ಎದ್ದ ಜಗಳಗಳು ಎಷ್ಟೋ ಇವೆ. ಒಂದು ಪುಟದ ಪಟ್ಟಿ ಇದ್ದಿದ್ದರೆ ಅವು ಹುಟ್ಟುತ್ತಲೇ ಇರಲಿಲ್ಲ.